ಬೀಜಕ್ಕೆ ಮಣ್ಣು ಬೇಕು: ಸಣ್ಣ ಲ್ಯಾಬಿನಲ್ಲಿ ಕ್ಯಾನ್ಸರ್ ಗಡ್ಡೆಯ ನೆರೆಹೊರೆ ಕಟ್ಟುವುದು ಹೇಗೆ?

ಮೂಡಿಗೆರೆ ಹತ್ತಿರ ನಮ್ಮ ದೊಡ್ಡಪ್ಪನ ಕಾಫಿ ತೋಟ ಇದೆ. ಒಂದು ವರ್ಷ ಮರಗಸಿ ಮಾಡಿಸುವಾಗ ನೆರಳಿನ ಮರಗಳ ಕೊಂಬೆ ಕಡಿದಿದ್ದು ಜಾಸ್ತಿಯಾಯಿತು. ತೋಟದ ಒಂದು ಮಗ್ಗುಲಿಗೆ ಬಿಸಿಲು ನೇರವಾಗಿ ಬೀಳತೊಡಗಿತು. ಮುಂದಿನ ವರ್ಷಗಳಲ್ಲಿ ಆ ಮಗ್ಗುಲಿನ ಅರೇಬಿಕಾ ಗಿಡಗಳಿಗೇ ಬಿಳಿ ಕಾಂಡಕೊರಕ ಹುಳು ಹತ್ತಿಕೊಂಡಿತು. ನೆರಳಿದ್ದ ಕಡೆ ಅದೇ ತಳಿಯ, ಅದೇ ವಯಸ್ಸಿನ ಗಿಡಗಳು ಚೆನ್ನಾಗೇ ಇದ್ದವು. "ಗಿಡ ಒಂದನ್ನೇ ನೋಡಿದ್ರೆ ಏನೂ ಗೊತ್ತಾಗಲ್ಲ ಮಗಾ, ಸುತ್ತ ಏನಿದೆ ನೋಡು" ಅಂದರು ದೊಡ್ಡಪ್ಪ.

ಹಾಸನದಲ್ಲಿ ವಿದ್ಯಾರ್ಥಿಗಳಿಗೆ ಸೆಲ್ ಕಲ್ಚರ್ ಹೇಳಿಕೊಡಲು ಶುರು ಮಾಡಿದ ಮೇಲೆ ಆ ಮಾತು ನನಗೆ ಪದೇಪದೇ ನೆನಪಾಗುತ್ತದೆ. ಪ್ಲಾಸ್ಟಿಕ್ ಫ್ಲಾಸ್ಕಿನ ತಳದಲ್ಲಿ ಕ್ಯಾನ್ಸರ್ ಕೋಶಗಳನ್ನು ಒಂಟಿಯಾಗಿ ಬೆಳೆಸುತ್ತೇವೆ. ಔಷಧ ಹಾಕುತ್ತೇವೆ. ಕೋಶ ಸಾಯುತ್ತದೆ, ಖುಷಿಪಡುತ್ತೇವೆ. ಅದೇ ಔಷಧ ದೇಹದೊಳಗಿನ ಗಡ್ಡೆಯ ಮುಂದೆ ಸೋಲುತ್ತದೆ. ಯಾಕೆಂದರೆ ದೇಹದಲ್ಲಿ ಆ ಕೋಶ ಒಂಟಿಯಾಗಿಲ್ಲ.

ಇದು ಹೊಸ ವಿಚಾರವೇನಲ್ಲ. ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಮಹಿಳೆಯರ ಮರಣೋತ್ತರ ದಾಖಲೆಗಳನ್ನು ಕೂತು ನೋಡಿದರು. ರಕ್ತ ಎಲ್ಲ ಅಂಗಕ್ಕೂ ಹರಿಯುತ್ತದೆ, ಆದರೂ ಕ್ಯಾನ್ಸರ್ ಲಿವರ್‌ಗೆ ಹಬ್ಬಿದಷ್ಟು ಗುಲ್ಮಕ್ಕೆ ಹಬ್ಬಿರಲಿಲ್ಲ. ಬೀಜ ಎಲ್ಲ ಕಡೆ ಬೀಳುತ್ತದೆ, ಹದವಾದ ಮಣ್ಣು ಸಿಕ್ಕಲ್ಲಿ ಮಾತ್ರ ಮೊಳೆಯುತ್ತದೆ ಎಂದು ಅವರು ಬರೆದರು. ಆ ಮಣ್ಣನ್ನೇ ಇವತ್ತು ನಾವು ಗಡ್ಡೆಯ ಸೂಕ್ಷ್ಮ ಪರಿಸರ ಎನ್ನುತ್ತೇವೆ. ನನಗೆ ನೆರೆಹೊರೆ ಅನ್ನುವ ಪದವೇ ಇಷ್ಟ, ಇಲ್ಲಿ ಅದನ್ನೇ ಬಳಸುತ್ತೇನೆ.

ಹಾಸನ, ಚಿಕ್ಕಮಗಳೂರಿನಂಥ ಊರಿನ ಕಾಲೇಜಿನಲ್ಲಿ ಸಾಧಾರಣ ಕಲ್ಚರ್ ಕೋಣೆ ಇಟ್ಟುಕೊಂಡು ಆ ನೆರೆಹೊರೆಯನ್ನು ಸ್ವಲ್ಪಮಟ್ಟಿಗಾದರೂ ಕಟ್ಟಬೇಕು ಎನ್ನುವ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಫ್ಲಾಸ್ಕಿನಲ್ಲಿ ಕೋಶ ಬೆಳೆಸಿ, ಟ್ರಿಪ್ಸಿನ್ ಹಾಕಿ ಬಿಡಿಸಿ, ಎಣಿಸುವಷ್ಟು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ.

ನೆರೆಹೊರೆಯಲ್ಲಿ ಯಾರ್ಯಾರಿದ್ದಾರೆ?

ಗಡ್ಡೆಯಲ್ಲಿ ಕ್ಯಾನ್ಸರ್ ಕೋಶಗಳ ಪಕ್ಕದಲ್ಲೇ ಫೈಬ್ರೋಬ್ಲಾಸ್ಟ್‌ಗಳಿರುತ್ತವೆ. ಗಾಯ ಮಾಯಿಸುವ ಕೆಲಸದವು ಇವು. ಅಮೆರಿಕದ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗಡ್ಡೆಯನ್ನು "ಮಾಯದ ಗಾಯ" ಎಂದು ಕರೆದದ್ದು ಇದಕ್ಕೇ. ಗಾಯ ಮಾಯುತ್ತಿದೆ ಎನ್ನುವ ಭ್ರಮೆಯಲ್ಲಿ ಫೈಬ್ರೋಬ್ಲಾಸ್ಟ್‌ಗಳು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಸುರಿಯುತ್ತಲೇ ಇರುತ್ತವೆ, ಗಡ್ಡೆ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಅವುಗಳ ಜೊತೆ ಮ್ಯಾಕ್ರೋಫೇಜ್, ಟಿ ಕೋಶ ಎಂಬ ರೋಗನಿರೋಧಕ ಕೋಶಗಳು, ರಕ್ತನಾಳದ ಒಳಪದರದ ಕೋಶಗಳು ಇರುತ್ತವೆ.

ಕೋಶಗಳಷ್ಟೇ ಅಲ್ಲ, ಹವೆಯೂ ಬೇರೆ. ಆಮ್ಲಜನಕ ರಕ್ತನಾಳದಿಂದ 100-200 ಮೈಕ್ರಾನ್ ದೂರದವರೆಗೆ ಮಾತ್ರ ಹರಿದು ತಲುಪುತ್ತದೆ. ಅದರಾಚೆ ಕೋಶಗಳಿಗೆ ಉಸಿರು ಸಾಲದು. ಗಡ್ಡೆಯೊಳಗೆ ಎಷ್ಟೋ ಕಡೆ ಆಮ್ಲಜನಕ 1-2 ಶೇಕಡಕ್ಕಿಂತ ಕಡಿಮೆ. ಕೋಶ ಬೆಳೆಸುವ ನಮ್ಮ ಇನ್‌ಕ್ಯುಬೇಟರ್ ಒಳಗೆ ಅದು 18 ಶೇಕಡದ ಮೇಲೆ. ರಕ್ತದ ಪಿಎಚ್ 7.4, ಗಡ್ಡೆಯ ಕೋಶಗಳ ಸುತ್ತ 6.5ರಿಂದ 6.9ರವರೆಗೆ ಇಳಿಯುತ್ತದೆ. ಕ್ಯಾನ್ಸರ್ ಕೋಶ ಸಕ್ಕರೆಯನ್ನು ಅವಸರದಲ್ಲಿ ಸುಟ್ಟು ಲ್ಯಾಕ್ಟಿಕ್ ಆಮ್ಲ ಹೊರಗೆ ಚೆಲ್ಲುತ್ತದೆ, ಅದರ ಹುಳಿ ಅದು.

ಇಷ್ಟನ್ನೂ ಒಂದೇ ಪ್ಲೇಟಿನಲ್ಲಿ ತರಲು ಆಗುವುದಿಲ್ಲ. ತರಲು ಹೋಗಲೂಬಾರದು.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

ಹುಡುಗರು ನನ್ನ ಹತ್ತಿರ ಬಂದು "ಮೇಡಂ, ತ್ರೀ-ಡಿ ಕಲ್ಚರ್ ಮಾಡಬೇಕು" ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಮಾದರಿಯನ್ನು ಪ್ರಶ್ನೆ ಆರಿಸಬೇಕು. ನೀವು ಸುಮ್ನೆ ಆರಿಸಬಾರದು.

ಮ್ಯಾಕ್ರೋಫೇಜ್‌ಗಳಿಂದ ಸೋರುವ ರಸಕ್ಕೇ ಕ್ಯಾನ್ಸರ್ ಕೋಶ ಔಷಧವನ್ನು ತಡೆದುಕೊಳ್ಳುತ್ತದೆಯೇ ಎನ್ನುವುದು ನಿಮ್ಮ ಪ್ರಶ್ನೆಯಾದರೆ ಕಂಡಿಶನ್ಡ್ ಮೀಡಿಯಾ, ಅಂದರೆ ಆ ಕೋಶ ಬೆಳೆದು ರಸ ಬಿಟ್ಟ ಪೋಷಕ ದ್ರವ, ಸಾಕು. ಎರಡೂ ಕೋಶಗಳು ಪರಸ್ಪರ ಮಾತಾಡಬೇಕು ಎಂದರೆ ನಡುವೆ ಜಾಳಿಗೆಯಿರುವ ಇನ್ಸರ್ಟ್ ಬೇಕು. ಮೈ ತಾಗಬೇಕು ಎಂದರೆ ಎರಡನ್ನೂ ಬೆರೆಸಿಯೇ ಬೆಳೆಸಬೇಕು. ಔಷಧ ಗಡ್ಡೆಯ ನಡುಭಾಗಕ್ಕೆ ಇಳಿಯುತ್ತದೆಯೇ ಎನ್ನುವುದಾದರೆ ಸ್ಫಿರಾಯ್ಡ್, ಅಂದರೆ ಕೋಶಗಳ ಉಂಡೆ. ಕೋಶ ಗೋಡೆ ಒಡೆದು ಹೊರಗೆ ನುಗ್ಗುತ್ತದೆಯೇ ಎಂದರೆ ಕೊಲಾಜೆನ್ ಜೆಲ್.

ನನ್ನ ಒಂದೇ ಹಟ ಇದು: ಒಂದು ಸಲಕ್ಕೆ ಒಬ್ಬ ನೆರೆಯವರನ್ನು ಮಾತ್ರ ಸೇರಿಸಿ. ಫೈಬ್ರೋಬ್ಲಾಸ್ಟ್, ಮ್ಯಾಕ್ರೋಫೇಜ್, ಕಡಿಮೆ ಆಮ್ಲಜನಕ ಮೂರನ್ನೂ ಒಟ್ಟಿಗೆ ಹಾಕಿದರೆ ನೋಡಲು ಗಡ್ಡೆಯ ಹಾಗೆಯೇ ಇರುತ್ತದೆ. ಆದರೆ ಫಲಿತಾಂಶ ಬಂದಾಗ ಅದು ಯಾರ ಕೆಲಸ ಎಂದು ಹೇಳಲು ಬರುವುದಿಲ್ಲ.

ಎರಡನೇ ಹೆಜ್ಜೆ: ನಮ್ಮ ಊರಿಗೆ ತಕ್ಕ ಹಾಗೆ ಕೋಣೆ ಸಿದ್ಧಮಾಡಿ

ಈ ಭಾಗವನ್ನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಹೊರಗಿನ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ.

ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು 1,000 ದಾಟಿದೆ. ಮಂಗಳೂರಿಗೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಇದು ಎರಡು ಕಡೆ ಕಾಟ ಕೊಡುತ್ತದೆ.

ಒಂದು, ಆವಿಯಿಂದ ಸೂಕ್ಷ್ಮಜೀವಿ ಕೊಲ್ಲುವ ಆಟೋಕ್ಲೇವ್. ಮುಳ್ಳು 15 ಪೌಂಡ್ ತೋರಿಸಿದರೆ ಒಳಗೆ 121 ಡಿಗ್ರಿ ಇದೆ ಎಂದು ನಾವು ಕಲಿತಿದ್ದೇವೆ. ಆ ಲೆಕ್ಕ ಸಮುದ್ರದ ಬದಿಗೆ ಸರಿ. ಇಲ್ಲಿ 15 ಪೌಂಡಿಗೆ 121 ತಲುಪುವುದಿಲ್ಲ, ಒಂದೆರಡು ಡಿಗ್ರಿ ಕೆಳಗೇ ನಿಲ್ಲುತ್ತದೆ. ಸುಮಾರು 16.5 ಪೌಂಡ್ ಬೇಕು. ನಿಮ್ಮ ಆಟೋಕ್ಲೇವಿನ ಸುರಕ್ಷಿತ ಮಿತಿ ಒಪ್ಪಿದರೆ ಅಷ್ಟಕ್ಕೆ ಏರಿಸಿ, ಇಲ್ಲದಿದ್ದರೆ ಹೊತ್ತು ಜಾಸ್ತಿ ಕೊಡಿ. ಯಾವುದೇ ಆಗಲಿ, ಒತ್ತಡದ ಮುಳ್ಳನ್ನು ಬಿಟ್ಟು ಉಷ್ಣತೆಯನ್ನೇ ನಂಬಿ.

ಎರಡು, ಇನ್‌ಕ್ಯುಬೇಟರ್. 5 ಶೇಕಡ ಕಾರ್ಬನ್ ಡೈಆಕ್ಸೈಡ್ ಎಂದು ಇಟ್ಟರೂ ಇಲ್ಲಿ ಅದರ ನಿಜವಾದ ಒತ್ತಡ ಕಡಿಮೆ. ಮೀಡಿಯಾದ ಪಿಎಚ್ 0.05ರಷ್ಟು ಮೇಲೆ ನಿಲ್ಲುತ್ತದೆ. ಬೇರೆ ಕೆಲಸಕ್ಕೆ ಇದು ಲೆಕ್ಕಕ್ಕಿಲ್ಲ. ಗಡ್ಡೆಯ ಹುಳಿಯನ್ನೇ ಅಳೆಯಲು ಹೊರಟವರು ಮಾತ್ರ ಮೀಡಿಯಾವನ್ನು ಇನ್‌ಕ್ಯುಬೇಟರ್ ಒಳಗೆ ಕೆಲವು ಗಂಟೆ ಇಟ್ಟು ಪಿಎಚ್ ನೋಡಿ, ಬೇಕಾದರೆ ಕಾರ್ಬನ್ ಡೈಆಕ್ಸೈಡನ್ನು 5.5 ಶೇಕಡದ ಹತ್ತಿರಕ್ಕೆ ಏರಿಸಿಕೊಳ್ಳಿ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಫ್ಲಾಸ್ಕ್ ಬಿಡುತ್ತದೆಯೇ? ರಟ್ಟಿನ ಪೆಟ್ಟಿಗೆಗಳನ್ನು ಕಲ್ಚರ್ ಕೋಣೆಯೊಳಗೆ ತರಲೇಬೇಡಿ, ತೇವದ ರಟ್ಟು ಬೂಷ್ಟಿನ ಮನೆ. ಇನ್‌ಕ್ಯುಬೇಟರ್ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಬದಲಿಸಿ, ಆಟೋಕ್ಲೇವ್ ಮಾಡಿದ ಡಿಸ್ಟಿಲ್ಡ್ ನೀರನ್ನೇ ಹಾಕಿ. ಆಂಟಿಬಯಾಟಿಕ್ ಇದೆಯಲ್ಲ ಎಂದು ಕೈ ಸಡಿಲ ಬಿಡಬೇಡಿ. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಬೂಷ್ಟನ್ನು ಮುಟ್ಟುವುದೂ ಇಲ್ಲ.

ಶುದ್ಧ ಗಾಳಿಯಲ್ಲಿ ಕೋಶದ ಕೆಲಸ ಮಾಡುವ ಹುಡ್ ಬಗ್ಗೆ ಒಂದು ಎಚ್ಚರ. ಬಹಳ ಕಾಲೇಜುಗಳಲ್ಲಿ ಸಸ್ಯ ಅಂಗಾಂಶ ಕೃಷಿಗೆಂದು ತಂದ ಅಡ್ಡ ಹರಿವಿನ ಲ್ಯಾಮಿನಾರ್ ಇರುತ್ತದೆ. ಅದರ ಗಾಳಿ ನೇರವಾಗಿ ನಿಮ್ಮ ಮುಖಕ್ಕೆ ಬೀಸುತ್ತದೆ. ಗಿಡಕ್ಕೆ ಅದು ಸರಿ, ಮನುಷ್ಯರ ಕೋಶಕ್ಕೆ ಖಂಡಿತ ಬೇಡ. ಎರಡನೇ ದರ್ಜೆಯ ಬಯೋಸೇಫ್ಟಿ ಕ್ಯಾಬಿನೆಟ್ ಇಲ್ಲದಿದ್ದರೆ ಈ ಕೆಲಸವನ್ನು ಅದು ಇರುವ ಕಡೆ ಹೋಗಿ ಮಾಡಿ.

ಕರೆಂಟ್ ಹೋದರೆ ಇನ್‌ಕ್ಯುಬೇಟರ್‌ಗೆ ಯುಪಿಎಸ್ ಇರಲಿ. ಕೋಶ ಕಾಪಾಡಲು ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಬೇಕು. ಅದು ಬೆಂಗಳೂರಿನಲ್ಲೇ ಸಿಗುವುದು ಎಂದುಕೊಂಡು ಕೈಚೆಲ್ಲಬೇಡಿ. ಹಸುಗಳ ಕೃತಕ ಗರ್ಭಧಾರಣೆಯ ವೀರ್ಯ ಕಡ್ಡಿಗಳನ್ನು ಇಡುವುದೂ ಅದರಲ್ಲೇ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಅವರಿಗೆ ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿದರೆ ದಾರಿ ಸಿಗುತ್ತದೆ.

ಮೂರನೇ ಹೆಜ್ಜೆ: ಕೋಶ ತರಿಸಿ, ಗುರುತು ಖಚಿತಮಾಡಿ

ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ ಕೋಶಗಳ ಭಂಡಾರವಿದೆ. ಅಲ್ಲಿಂದ ತರಿಸಿ. ಗೆಳೆಯರ ಲ್ಯಾಬಿನಿಂದ ಒಂದು ವಯಲ್ ಕಡ ತರುವುದು ಸುಲಭ, ಗೊತ್ತು. ನಾನೂ ಹಿಂದೆ ಹಾಗೆ ತಂದಿದ್ದೆ. ಕೋಶಗಳು ಚೆನ್ನಾಗಿ ಬೆಳೆದವು, ಮೀಡಿಯಾ ತಿಳಿಯಾಗಿಯೇ ಇತ್ತು. ಆದರೆ ಫಲಿತಾಂಶ ಒಂದು ವಾರದ್ದು ಇನ್ನೊಂದು ವಾರಕ್ಕೆ ಹೊಂದುತ್ತಿರಲಿಲ್ಲ. ತಿಂಗಳುಗಳು ಹೋದ ಮೇಲೆ ಪಿಸಿಆರ್ (ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿ ನೋಡಿದರೆ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ. ಆ ತಿಂಗಳುಗಳ ಕೆಲಸವನ್ನೆಲ್ಲ ಬಿಸಾಡಿದೆವು.

ಮೈಕೋಪ್ಲಾಸ್ಮಾಕ್ಕೆ ಕೋಶಗೋಡೆ ಇಲ್ಲ, ಹಾಗಾಗಿ ಪೆನಿಸಿಲಿನ್ ನಾಟುವುದಿಲ್ಲ. ಮೀಡಿಯಾ ಕಲಕುವುದಿಲ್ಲ. 0.2 ಮೈಕ್ರಾನ್ ಫಿಲ್ಟರ್‌ನಲ್ಲೂ ನುಸುಳುತ್ತದೆ. ನೆರೆಹೊರೆಯ ಅಧ್ಯಯನಕ್ಕೆ ಇದು ಎರಡು ಪಟ್ಟು ಕೆಟ್ಟದ್ದು, ಯಾಕೆಂದರೆ ಅದರ ವಾಸನೆ ಹತ್ತಿದ ಮ್ಯಾಕ್ರೋಫೇಜ್ ತಾನಾಗಿಯೇ ಕೆರಳುತ್ತದೆ. ನೀವು ಅದನ್ನು ಕ್ಯಾನ್ಸರ್ ಕೋಶದ ಪ್ರಭಾವ ಎಂದುಕೊಳ್ಳುತ್ತೀರಿ. ಹೊಸ ಕೋಶ ಬಂದ ದಿನದಿಂದಲೇ ಬೇರೆ ಇಡಿ, ಪರೀಕ್ಷಿಸಿ, ಆಮೇಲೆ ತಿಂಗಳಿಗೊಮ್ಮೆ ಪರೀಕ್ಷೆ ಮುಂದುವರಿಸಿ.

ಹೆಸರು ನಂಬಿ ಮೋಸಹೋದ ಕಥೆಗಳೂ ಇವೆ. ಎಂಡಿಎ-ಎಂಬಿ-435 ಎನ್ನುವ ಕೋಶವನ್ನು ವರ್ಷಾನುಗಟ್ಟಲೆ ಸ್ತನ ಕ್ಯಾನ್ಸರ್ ಎಂದೇ ಎಲ್ಲರೂ ಬಳಸಿದರು. ಕೊನೆಗೆ ನೋಡಿದರೆ ಅದು ಎಂ14 ಎಂಬ ಚರ್ಮದ ಮೆಲನೋಮಾ ಕೋಶ. ಎಸ್‌ಟಿಆರ್ ಪರೀಕ್ಷೆಯ, ಅಂದರೆ ಡಿಎನ್‌ಎ ಗುರುತಿನ, ವರದಿಯಿರುವ ಕೋಶವನ್ನೇ ತೆಗೆದುಕೊಳ್ಳಿ.

ಶುರುಮಾಡಲು ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶ ಒಳ್ಳೆಯದು. ಮಿಷಿಗನ್ ಕ್ಯಾನ್ಸರ್ ಫೌಂಡೇಶನ್‌ನಲ್ಲಿ ಬೆಳೆಸಿದ್ದು, ಹೆಸರೂ ಅಲ್ಲಿಂದಲೇ ಬಂತು. ಒಬ್ಬ ಮಹಿಳೆಯ ಎದೆಗೂಡಿನ ನೀರಿನಿಂದ ಬಂದ ಕೋಶಗಳು ಅವು. ಪ್ಲೇಟಿಗೆ ಸುರಿಯುವಾಗ ಅದೊಂದು ನೆನಪಿರಲಿ.

ನೆರೆಯವರ ಪೈಕಿ ಮನುಷ್ಯರ ಫೈಬ್ರೋಬ್ಲಾಸ್ಟ್‌ಗೆ ಎಂಆರ್‌ಸಿ-5, ಮ್ಯಾಕ್ರೋಫೇಜ್‌ಗೆ ಟಿಎಚ್‌ಪಿ-1 ಸಾಕು. ಸುಲಭವಾಗಿ ಸಿಗುತ್ತದೆ ಎಂದು ಇಲಿಯ ಫೈಬ್ರೋಬ್ಲಾಸ್ಟ್ ಹಾಕುವವರಿದ್ದಾರೆ. ಅದು ಎಲ್ಲ ಕಡೆ ನಡೆಯುವುದಿಲ್ಲ. ಇಲಿಯ ಐಎಲ್-6 ಎಂಬ ಸಂದೇಶ ಪ್ರೋಟೀನ್ ಮನುಷ್ಯರ ಕೋಶಕ್ಕೆ ಅರ್ಥವೇ ಆಗುವುದಿಲ್ಲ. ಗಡ್ಡೆಯ ಫೈಬ್ರೋಬ್ಲಾಸ್ಟ್‌ಗಳು ಮುಖ್ಯವಾಗಿ ಆಡುವ ಮಾತುಗಳಲ್ಲಿ ಐಎಲ್-6 ಒಂದು.

ಕೋಶ ಕೈಗೆ ಬಂದ ಕೂಡಲೇ ಮೊದಲ ಪ್ಯಾಸೇಜ್‌ಗಳಲ್ಲೇ (ಹೊಸ ಫ್ಲಾಸ್ಕಿಗೆ ಬದಲಿಸುವ ಸುತ್ತುಗಳು) ಹತ್ತಾರು ವಯಲ್ ಹೆಪ್ಪುಗಟ್ಟಿಸಿ ಇಡಿ. ಹೆಪ್ಪುಗಟ್ಟುವಾಗ ಕೋಶ ಕಾಪಾಡುವ ಡಿಎಂಎಸ್‌ಒ 10 ಶೇಕಡ, ನಿಮಿಷಕ್ಕೆ 1 ಡಿಗ್ರಿಯಂತೆ ನಿಧಾನ ತಂಪು. ಕರಗಿಸುವಾಗ ಮಾತ್ರ 37 ಡಿಗ್ರಿ ನೀರಿನಲ್ಲಿ ಬೇಗ.

ನಾಲ್ಕನೇ ಹೆಜ್ಜೆ: ಪತ್ರ ಕಳಿಸಿ ನೋಡಿ

ಕಂಡಿಶನ್ಡ್ ಮೀಡಿಯಾ ಅಂದರೆ ಒಂದು ಕೋಶ ಬರೆದ ಪತ್ರವನ್ನು ಇನ್ನೊಂದಕ್ಕೆ ತಲುಪಿಸಿದ ಹಾಗೆ. ಉತ್ತರ ಬರೆಯುವ ಅವಕಾಶ ಇಲ್ಲ. ಆದರೂ ಎಲ್ಲರೂ ಇಲ್ಲಿಂದಲೇ ಶುರುಮಾಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಟಿಎಚ್‌ಪಿ-1 ತೇಲುವ ಕೋಶ. 50ರಿಂದ 100 ನ್ಯಾನೋಮೋಲಾರ್ ಪಿಎಂಎ ಎಂಬ ರಾಸಾಯನಿಕ ಹಾಕಿದರೆ 24-48 ಗಂಟೆಯಲ್ಲಿ ತಳಕ್ಕೆ ಅಂಟಿ ಮ್ಯಾಕ್ರೋಫೇಜ್ ಥರ ಆಗುತ್ತದೆ. ಪಿಎಂಎ ಸ್ವತಃ ಗಡ್ಡೆ ಬೆಳೆಯಲು ಕುಮ್ಮಕ್ಕು ಕೊಡುವ ವಸ್ತು, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಆಮೇಲೆ ಎರಡು ಮೂರು ಸಲ ತೊಳೆದು, ಪಿಎಂಎ ಇಲ್ಲದ ಮೀಡಿಯಾದಲ್ಲಿ ಒಂದು ದಿನ ಸುಮ್ಮನೆ ಬಿಡಿ. ಈ ಒಂದು ದಿನವನ್ನು ಉಳಿಸಲು ಹೋಗಬೇಡಿ. ಉಳಿದ ಪಿಎಂಎ ಕ್ಯಾನ್ಸರ್ ಕೋಶದ ಮೇಲೂ ಕೆಲಸ ಮಾಡುತ್ತದೆ.

ಗಡ್ಡೆಯ ಪರ ವಾಲಿದ ಮ್ಯಾಕ್ರೋಫೇಜ್ ಬೇಕಿದ್ದರೆ ಐಎಲ್-4 ಮತ್ತು ಐಎಲ್-13, ತಲಾ 20 ನ್ಯಾನೋಗ್ರಾಂ ಪ್ರತಿ ಮಿಲಿಲೀಟರ್‌ಗೆ, 48 ಗಂಟೆ. ಕಾದಾಡುವ ಬಗೆಯದಕ್ಕೆ ಬ್ಯಾಕ್ಟೀರಿಯಾದ ಹೊರಪದರದ ಎಲ್‌ಪಿಎಸ್ ಮತ್ತು ಇಂಟರ್‌ಫೆರಾನ್ ಗಾಮಾ. ಇವನ್ನು ಎಂ2, ಎಂ1 ಎಂದು ಕರೆಯುತ್ತಾರೆ. ನಿಜವಾದ ಗಡ್ಡೆಯಲ್ಲಿ ಅವು ಹೀಗೆ ಎರಡು ಡಬ್ಬಿಗಳಲ್ಲಿ ಕೂರುವುದಿಲ್ಲ, ನಡುವಿನ ಹತ್ತಾರು ಬಣ್ಣಗಳಲ್ಲಿರುತ್ತವೆ. ವರದಿ ಬರೆಯುವಾಗ "ಎಂ2 ಥರದ" ಎಂದು ಬರೆಯಿರಿ.

ಈ ಸೈಟೋಕೈನ್‌ಗಳನ್ನೂ (ಸಂದೇಶ ಪ್ರೋಟೀನ್‌ಗಳು) ತೊಳೆದು ತೆಗೆದು, ಸೀರಮ್ ಇಲ್ಲದ ಮೀಡಿಯಾ ಹಾಕಿ 24 ಗಂಟೆ ಬಿಡಿ. ಆ ಮೀಡಿಯಾವನ್ನು ತೆಗೆದು, ಸೆಂಟ್ರಿಫ್ಯೂಜ್ ಮಾಡಿ, 0.22 ಮೈಕ್ರಾನ್‌ನಲ್ಲಿ ಸೋಸಿ, ಸಣ್ಣ ಸಣ್ಣ ಟ್ಯೂಬ್‌ಗಳಲ್ಲಿ ಮೈನಸ್ 80ರಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಬಳಸುವಾಗ ಹೊಸ ಮೀಡಿಯಾದ ಜೊತೆ ಅರ್ಧಕ್ಕರ್ಧ ಬೆರೆಸಿ. ಯಾಕೆಂದರೆ ಹಳೆಯದರಲ್ಲಿ ಪತ್ರವಿದೆ, ಊಟವಿಲ್ಲ.

ಹೋಲಿಕೆಗೆ ಏನು ಇಡುತ್ತೀರಿ? ಹೊಸ ಮೀಡಿಯಾ ಎನ್ನುವವರೇ ಜಾಸ್ತಿ. ಅದು ಸಾಲದು. ಕೋಶವಿಲ್ಲದ ಖಾಲಿ ಫ್ಲಾಸ್ಕಿನಲ್ಲಿ ಅಷ್ಟೇ ಹೊತ್ತು ಇಟ್ಟ ಮೀಡಿಯಾ ಬೇಕು. ಸಾಧ್ಯವಾದರೆ ಎಂಸಿಎಫ್-7 ತಾನೇ ಬಿಟ್ಟ ಮೀಡಿಯಾವನ್ನು ಅದಕ್ಕೇ ಕೊಟ್ಟ ಒಂದು ಸಾಲೂ ಇರಲಿ.

ಐದನೇ ಹೆಜ್ಜೆ: ಬೇಲಿಯಾಚೆಯ ಮಾತು

ಪತ್ರದಲ್ಲಿ ಏನೋ ಇದೆ ಎಂದು ಗೊತ್ತಾದ ಮೇಲೆ ಇನ್ಸರ್ಟ್‌ಗೆ ಬನ್ನಿ. ಇದು ಪ್ಲೇಟಿನ ವೆಲ್ (ಗುಳಿ) ಒಳಗೆ ಕೂರುವ, ತಳಕ್ಕೆ ಜಾಳಿಗೆಯಿರುವ ಸಣ್ಣ ಬಟ್ಟಲು. ಎಂಸಿಎಫ್-7 ಕೆಳಗೆ, ಮ್ಯಾಕ್ರೋಫೇಜ್ ಮೇಲೆ. ರಸ ಎರಡೂ ಕಡೆ ಓಡಾಡುತ್ತದೆ, ಬೇಲಿಯ ಎರಡೂ ಬದಿ ನಿಂತು ಮಾತಾಡುವ ಹಾಗೆ.

ತೂತಿನ ಅಳತೆ ನೋಡಿ ಕೊಳ್ಳಿ. ಮಾತು ಮಾತ್ರ ದಾಟಬೇಕು, ಕೋಶ ದಾಟಬಾರದು ಎಂದರೆ 0.4 ಮೈಕ್ರಾನ್. ಕೋಶ ನುಸುಳಿ ಬರುತ್ತದೆಯೇ ಎಂದು ನೋಡಬೇಕಾದರೆ 8 ಮೈಕ್ರಾನ್. ಡಬ್ಬಿ ಒಂದೇ ಥರ ಇರುವುದರಿಂದ ಇದು ಅದಲುಬದಲಾಗುವುದು ಬಹಳ. ಇನ್ಸರ್ಟ್ ಇಳಿಸುವಾಗ ಓರೆಯಾಗಿ ಇಳಿಸಿ, ಇಲ್ಲದಿದ್ದರೆ ಕೆಳಗೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಖಾಲಿ ಇನ್ಸರ್ಟ್ ಇಟ್ಟ ವೆಲ್‌ಗಳೂ ಇರಲಿ.

ಆರನೇ ಹೆಜ್ಜೆ: ಉಂಡೆ ಕಟ್ಟಿ

ಇಲ್ಲಿಂದ ಕೆಲಸ ನಿಜಕ್ಕೂ ಚೆಂದ. ಕೋಶಕ್ಕೆ ಅಂಟಲು ತಳವೇ ಸಿಗದಿದ್ದರೆ ಅವು ಒಂದನ್ನೊಂದು ಹಿಡಿದುಕೊಂಡು ಉಂಡೆಯಾಗುತ್ತವೆ. ಉಂಡೆಯ ಹೊರಗಿನ ಕೋಶಕ್ಕೆ ಗಾಳಿ, ಊಟ ಸಿಗುತ್ತದೆ. ಒಳಗಿನದಕ್ಕೆ ಇಲ್ಲ. 400-500 ಮೈಕ್ರಾನ್ ದಾಟಿದರೆ ನಡುಭಾಗ ಸಾಯತೊಡಗುತ್ತದೆ. ಗಡ್ಡೆಯೊಳಗಿನ ಉಸಿರುಗಟ್ಟುವಿಕೆ ಯಾವ ವಿಶೇಷ ಯಂತ್ರವೂ ಇಲ್ಲದೆ ನಿಮ್ಮ ಪ್ಲೇಟಿಗೆ ಬರುತ್ತದೆ.

ಕೋಶ ಅಂಟದ ಪ್ಲೇಟ್‌ಗಳು ದುಬಾರಿ. ಅಗರೋಸ್ ಎಂಬ ಜೆಲ್ ಪುಡಿ ಸಾಕು. ಪಿಬಿಎಸ್ ಎಂಬ ಉಪ್ಪುನೀರು ಅಥವಾ ಸೀರಮ್ ಇಲ್ಲದ ಮೀಡಿಯಾದಲ್ಲಿ 1.5 ಶೇಕಡ ಅಗರೋಸ್ ಕಲಸಿ, ಆಟೋಕ್ಲೇವ್ ಮಾಡಿ, ಬಿಸಿ ಆರುವ ಮುಂಚೆ 96 ವೆಲ್‌ನ ಸಮತಳದ ಪ್ಲೇಟಿಗೆ ವೆಲ್‌ಗೆ 50 ಮೈಕ್ರೋಲೀಟರ್ ಹಾಕಿ. ಅಂಚಿನಲ್ಲಿ ಮೇಲೇರಿ ನಡುವೆ ತಗ್ಗಾಗಿ ತಾನೇ ಬಟ್ಟಲಿನ ಆಕಾರಕ್ಕೆ ಗಟ್ಟಿಯಾಗುತ್ತದೆ. ಬೇಗ ಕೈ ಆಡಿಸಿ. ಅಗರೋಸ್ ಟಿಪ್‌ನಲ್ಲೇ ಗಟ್ಟಿಯಾದರೆ ವೆಲ್‌ಗಳು ಒಂದೊಂದು ಒಂದೊಂದು ಥರ ಆಗುತ್ತವೆ.

ವೆಲ್‌ಗೆ 2,000 ಎಂಸಿಎಫ್-7 ಕೋಶ, 150 ಮೈಕ್ರೋಲೀಟರ್‌ನಲ್ಲಿ. ಪ್ಲೇಟನ್ನು 200 ಜಿ ವೇಗದಲ್ಲಿ 5 ನಿಮಿಷ ತಿರುಗಿಸಿ. ಆಮೇಲೆ 72 ಗಂಟೆ ಮುಟ್ಟಬೇಡಿ. ಕುತೂಹಲಕ್ಕೆ ದಿನಾ ತೆಗೆದು ನೋಡಿ ಅಲುಗಾಡಿಸಿದರೆ ಉಂಡೆ ಒಂದಾಗುವ ಬದಲು ಮೂರಾಗುತ್ತದೆ. ಅಂಚಿನ ವೆಲ್‌ಗಳಲ್ಲಿ ನೀರು ಬೇಗ ಆರುತ್ತದೆ, ಅಲ್ಲಿ ಕೋಶ ಬೇಡ, ಪಿಬಿಎಸ್ ತುಂಬಿ. ಮೀಡಿಯಾ ಬದಲಿಸುವಾಗ ಅರ್ಧ ಮಾತ್ರ ತೆಗೆಯಿರಿ, ಟಿಪ್ ಗೋಡೆಗೆ ತಾಗಿಸಿ, ನಿಧಾನವಾಗಿ.

ಎಂಡಿಎ-ಎಂಬಿ-231 ಎಂಬ ಇನ್ನೊಂದು ಸ್ತನ ಕ್ಯಾನ್ಸರ್ ಕೋಶ ಬಳಸುವವರಿಗೆ ಬೇಸರವಾಗಬಹುದು. ಅದು ಎಂಸಿಎಫ್-7ನಂತೆ ಬಿಗಿಯಾದ ಉಂಡೆ ಕಟ್ಟುವುದಿಲ್ಲ, ಸಡಿಲ ಗುಂಪಾಗಿ ನಿಲ್ಲುತ್ತದೆ. ಮೀಡಿಯಾಕ್ಕೆ 2.5 ಶೇಕಡ ಮ್ಯಾಟ್ರಿಜೆಲ್ ಎಂಬ ಜೆಲ್ ಬೆರೆಸಿದರೆ ಒಟ್ಟುಗೂಡುತ್ತದೆ. ನಿಮ್ಮ ಕೈಯ ತಪ್ಪು ಅಲ್ಲ ಅದು, ಕೋಶದ ಗುಣ.

ನೆರೆಯವರನ್ನು ಸೇರಿಸುವುದು ಈಗ. ಫೈಬ್ರೋಬ್ಲಾಸ್ಟ್ ಅನ್ನು ಮೊದಲ ದಿನವೇ ಬೆರೆಸಿ, ಒಂದಕ್ಕೊಂದು ಅಥವಾ ಎರಡಕ್ಕೊಂದು. ಯಾವ ಪಾಲು ಎನ್ನುವುದಕ್ಕಿಂತ ಪ್ರತಿಸಲ ಅದೇ ಪಾಲು ಇಡುವುದು ಮುಖ್ಯ. ಬರೀ ಎಂಸಿಎಫ್-7 ಉಂಡೆ, ಬರೀ ಫೈಬ್ರೋಬ್ಲಾಸ್ಟ್ ಉಂಡೆ, ಬೆರೆತ ಉಂಡೆ, ಮೂರೂ ಪ್ಲೇಟಿನಲ್ಲಿರಲಿ.

ಕಡಿಮೆ ಆಮ್ಲಜನಕದ ಇನ್‌ಕ್ಯುಬೇಟರ್ ಇಲ್ಲದವರು ಕೋಬಾಲ್ಟ್ ಕ್ಲೋರೈಡ್ 100 ಮೈಕ್ರೋಮೋಲಾರ್ ಹಾಕುತ್ತಾರೆ. ಅದು, ಆಮ್ಲಜನಕ ಕಡಿಮೆಯಾದಾಗ ಉಳಿಯುವ ಎಚ್‌ಐಎಫ್-1 ಆಲ್ಫಾ ಪ್ರೋಟೀನ್ ನಾಶವಾಗದಂತೆ ತಡೆದು, ಉಸಿರುಗಟ್ಟಿದ ಹಾಗೆ ಕೋಶವನ್ನು ನಂಬಿಸುತ್ತದೆ. 2019ರ ವೈದ್ಯಕೀಯ ನೊಬೆಲ್ ಕೊಟ್ಟಿದ್ದು ಕೋಶ ಆಮ್ಲಜನಕವನ್ನು ಅಳೆಯುವ ಈ ವ್ಯವಸ್ಥೆಯನ್ನು ಬಿಡಿಸಿದ್ದಕ್ಕೇ. ಆದರೆ ಕೋಬಾಲ್ಟ್ ಹಾಕಿದಾಗ ಆಮ್ಲಜನಕ ಕಡಿಮೆಯಾಗಿರುವುದಿಲ್ಲ, ಮೇಲಾಗಿ ಕೋಬಾಲ್ಟ್ ವಿಷ. ವರದಿಯಲ್ಲಿ ಅದನ್ನು ಅದರ ಹೆಸರಿನಿಂದಲೇ ಕರೆಯಿರಿ. ನನ್ನನ್ನು ಕೇಳಿದರೆ ದೊಡ್ಡ ಉಂಡೆಯೇ ವಾಸಿ.

ಜೆಲ್ ಬೇಕಾದವರಿಗೆ

ತುಪ್ಪ ಚಳಿಗೆ ಗಟ್ಟಿ, ಬಿಸಿಗೆ ನೀರು. ಮ್ಯಾಟ್ರಿಜೆಲ್ ಇದರ ತದ್ವಿರುದ್ಧ. 4 ಡಿಗ್ರಿಯಲ್ಲಿ ನೀರಾಗಿರುತ್ತದೆ, ಕೋಣೆಯ ಬಿಸಿಗೇ ಹೆಪ್ಪಾಗಲು ಶುರು. ರಾತ್ರಿಯಿಡೀ ಫ್ರಿಜ್‌ನಲ್ಲಿ ಐಸ್ ಮೇಲಿಟ್ಟು ಕರಗಿಸಿ. ಟಿಪ್, ಟ್ಯೂಬ್, ಪ್ಲೇಟ್ ಎಲ್ಲ ಮೊದಲೇ ತಂಪಾಗಿರಲಿ. ಇದು ಇಲಿಯ ಗಡ್ಡೆಯಿಂದ ತೆಗೆದದ್ದು, ಅದರಲ್ಲಿ ಬೆಳವಣಿಗೆಯ ಅಂಶಗಳು ಬೆರೆತಿವೆ, ಬ್ಯಾಚ್‌ನಿಂದ ಬ್ಯಾಚ್‌ಗೆ ಬದಲಾಗುತ್ತದೆ. ಒಂದು ಪ್ರಾಜೆಕ್ಟ್ ಪೂರ್ತಿ ಒಂದೇ ಬ್ಯಾಚ್ ಬಳಸಿ.

ಗಡ್ಡೆಯ ಗಟ್ಟಿತನ, ನುಗ್ಗುವಿಕೆ ನೋಡಲು ಕೊಲಾಜೆನ್ 1 ಸರಳ ಮತ್ತು ಶುದ್ಧ. ಆಮ್ಲದಲ್ಲಿ ಕರಗಿ ಬರುತ್ತದೆ. ಐಸ್ ಮೇಲೆ ಹನಿಹನಿಯಾಗಿ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಹುಳಿ ಮುರಿಯಬೇಕು. ಮೀಡಿಯಾದ ಹಳದಿ ಬಣ್ಣ ನಸುಗೆಂಪಿಗೆ ತಿರುಗಿದಾಗ ನಿಲ್ಲಿಸಿ, ಕೋಶ ಬೆರೆಸಿ, 37 ಡಿಗ್ರಿಯಲ್ಲಿ ಅರ್ಧ ಮುಕ್ಕಾಲು ಗಂಟೆ.

ಸುತ್ತಲಿನ ಜೆಲ್ ಜೊತೆ ಕೋಶದ ನಂಟು ಎಷ್ಟು ಬಲವಾದದ್ದು ಎಂದು ತೋರಿಸಿದವರು ಅಮೆರಿಕದ ವಿಜ್ಞಾನಿ ಮಿನಾ ಬಿಸೆಲ್. ಅವರ ತಂಡ 1997ರಲ್ಲಿ, ಜೆಲ್ ಒಳಗೆ ಬೆಳೆದ ಸ್ತನ ಕ್ಯಾನ್ಸರ್ ಕೋಶಗಳ ಮೇಲಿನ ಬೀಟಾ-1 ಇಂಟೆಗ್ರಿನ್ ಎಂಬ ಹಿಡಿಕೆಯನ್ನು ಆಂಟಿಬಾಡಿಯಿಂದ ಮುಚ್ಚಿತು. ಅಡ್ಡಾದಿಡ್ಡಿ ಬೆಳೆಯುತ್ತಿದ್ದ ಕೋಶಗಳು ಸಾಧಾರಣ ಕೋಶಗಳಂತೆ ಒಪ್ಪವಾಗಿ ಗುಂಡಗೆ ಕೂತವು. ಜೀನ್‌ಗಳ ತಪ್ಪು ಹಾಗೆಯೇ ಇತ್ತು, ನಡತೆ ಬದಲಾಗಿತ್ತು. ಪ್ಲಾಸ್ಟಿಕ್ ತಳದ ಮೇಲೆ ಇದನ್ನು ಎಂದಿಗೂ ಕಾಣಲು ಆಗುತ್ತಿರಲಿಲ್ಲ, ಅಲ್ವಾ?

ಆರ್ಗನಾಯ್ಡ್, ಚಿಪ್ ಮೇಲಿನ ಅಂಗ, ಇವುಗಳ ಹೆಸರು ನೀವು ಕೇಳಿರುತ್ತೀರಿ. ಹಾನ್ಸ್ ಕ್ಲೆವರ್ಸ್ ತಂಡ 2009ರಲ್ಲಿ ಕರುಳಿನ ಒಂದೇ ಕಾಂಡಕೋಶದಿಂದ ಪುಟ್ಟ ಕರುಳನ್ನೇ ಬೆಳೆಸಿತು. 2010ರಲ್ಲಿ ಡೊನಾಲ್ಡ್ ಇಂಗ್ಬರ್ ತಂಡದ ಶ್ವಾಸಕೋಶದ ಚಿಪ್ ಬಂತು. ಎರಡೂ ಅದ್ಭುತ. ಆದರೆ ಮೊದಲ ಪ್ರಾಜೆಕ್ಟ್‌ಗೆ ಅವು ಬೇಡ.

ಏಳನೇ ಹೆಜ್ಜೆ: ಅಳೆಯುವಾಗ ಎಚ್ಚರ

ಎಲ್ಲರಿಗೂ ಗೊತ್ತಿರುವುದು ಎಂಟಿಟಿ, ಬದುಕಿರುವ ಕೋಶ ಅಳೆಯುವ ಬಣ್ಣದ ಪರೀಕ್ಷೆ. ಅದು ಉಂಡೆಯ ಒಳಗೆ ಸರಿಯಾಗಿ ಇಳಿಯುವುದಿಲ್ಲ. ಉಂಡೆಗೆ ಆಸಿಡ್ ಫಾಸ್ಫಟೇಸ್ ಪರೀಕ್ಷೆ ಹೆಚ್ಚು ಒಗ್ಗುತ್ತದೆ, ಬೆಲೆಯೂ ಕಡಿಮೆ, 405 ನ್ಯಾನೋಮೀಟರ್‌ನಲ್ಲಿ ಓದುವ ರೀಡರ್ ಸಾಕು.

ಇನ್ನೂ ದೊಡ್ಡ ತಪ್ಪು ಒಂದಿದೆ. ಬೆರೆತ ಉಂಡೆಗೆ ಔಷಧ ಹಾಕಿ, ಓದಿ, ಕ್ಯಾನ್ಸರ್ ಕೋಶ ಬದುಕಿ ಉಳಿದಿದೆ ಎಂದು ಬರೆಯುವುದು. ಉಳಿದದ್ದು ಫೈಬ್ರೋಬ್ಲಾಸ್ಟ್ ಇರಬಹುದಲ್ಲ? ಈ ಪರೀಕ್ಷೆಗಳು ಒಟ್ಟು ಲೆಕ್ಕ ಕೊಡುತ್ತವೆ, ಯಾರು ಎಂದು ಹೇಳುವುದಿಲ್ಲ. ಬೆರೆಸುವ ಮುಂಚೆ ಒಂದು ಬಗೆಯ ಕೋಶಕ್ಕೆ ಹೊಳೆಯುವ ಬಣ್ಣ ಹಚ್ಚಿ. ಅಥವಾ ಕೊನೆಯಲ್ಲಿ ಉಂಡೆ ಬಿಡಿಸಿ ಎಪ್‌ಕ್ಯಾಮ್ ಆಂಟಿಬಾಡಿ ಹಾಕಿ, ಕೋಶಗಳನ್ನು ಗುರುತಿಸಿ ಎಣಿಸುವ ಫ್ಲೋ ಸೈಟೋಮೀಟರ್ ಇರುವ ಕಡೆ ಎಣಿಸಿಕೊಂಡು ಬನ್ನಿ. ಎಪ್‌ಕ್ಯಾಮ್ ಪ್ರೋಟೀನ್ ಎಂಸಿಎಫ್-7 ಮೇಲೆ ಇರುತ್ತದೆ, ಫೈಬ್ರೋಬ್ಲಾಸ್ಟ್ ಮೇಲೆ ಇರುವುದಿಲ್ಲ.

ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ ಬಳಸುವವರಿಗೆ ಒಂದು ಲಾಭ, ಒಂದು ತೊಡಕು. ಅದು ತಾನೇ ಕೆಂಪಗೆ ಹೊಳೆಯುತ್ತದೆ. ಹಾಗಾಗಿ ಉಂಡೆಯ ಎಷ್ಟು ಆಳಕ್ಕೆ ಇಳಿದಿದೆ ಎಂದು ನೇರವಾಗಿ ನೋಡಬಹುದು. ಆದರೆ ಸತ್ತ ಕೋಶ ತೋರಿಸುವ ಪ್ರೊಪಿಡಿಯಂ ಅಯೋಡೈಡ್ ಕೂಡ ಕೆಂಪು, ಎರಡೂ ಬೆರೆತು ಗೊಂದಲವಾಗುತ್ತದೆ.

ದಿನಾ ಒಂದೇ ಹೊತ್ತಿಗೆ, ಒಂದೇ ಲೆನ್ಸ್‌ನಲ್ಲಿ ಫೋಟೋ ತೆಗೆದು ಇಮೇಜ್‌ಜೆ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಅಗಲ ಅಳೆಯಿರಿ. ಮತ್ತೆ, ಒಂದೇ ಪ್ಲೇಟಿನ 6 ವೆಲ್ ಎಂದರೆ 6 ಪ್ರಯೋಗ ಅಲ್ಲ. ಬೇರೆ ಬೇರೆ ವಾರ, ಬೇರೆ ಪ್ಯಾಸೇಜ್‌ನ ಕೋಶದಲ್ಲಿ ಕನಿಷ್ಠ 3 ಸಲ ಮಾಡಿದರೆ ಅದು 3.

ಕಾಗದಪತ್ರ ಮತ್ತು ಕಸ

ಭಂಡಾರದಿಂದ ತಂದ ಕೋಶಕ್ಕೂ ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯನ್ನು ಕೇಳಿಯೇ ಕೆಲಸ ಶುರುಮಾಡಿ. ರೋಗಿಯ ಗಡ್ಡೆಯ ತುಣುಕು ಬೇಕೆಂದರೆ ಎಥಿಕ್ಸ್ ಸಮಿತಿಯ ಒಪ್ಪಿಗೆ, ರೋಗಿಯ ಲಿಖಿತ ಸಮ್ಮತಿ ಎರಡೂ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಓದಿ. ಪರಿಚಯದ ಡಾಕ್ಟರ್ ಒಬ್ಬರು ಕೊಟ್ಟರು ಎಂದು ತಂದಿಟ್ಟುಕೊಳ್ಳುವುದು ಸಲ್ಲದು. ಬಳಸಿದ ಮೀಡಿಯಾವನ್ನು ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ನೆನೆಸಿಯೇ ಚೆಲ್ಲಿ. ಔಷಧ ಹಾಕಿದ ಪ್ಲೇಟ್‌ಗಳನ್ನು ಬೇರೆ ಇಟ್ಟು ಹಳದಿ ಚೀಲಕ್ಕೆ ಹಾಕಿ.

ಮೊದಲ ಸುತ್ತಿನ ದಿನಚರಿ

ಮಳೆ ಹಿಡಿದಿರುವಾಗ ಶುರುಮಾಡಬೇಡಿ, ಅಕ್ಟೋಬರ್ ಒಳ್ಳೆಯದು. ಕೋಶ ಕರಗಿಸಿ ಎರಡು ವಾರ ಬೆಳೆಸಿ, ಮೈಕೋಪ್ಲಾಸ್ಮಾ ಇಲ್ಲ ಎಂದು ಖಚಿತವಾದ ಮೇಲೆ ಒಂದು ಶುಕ್ರವಾರ ಆರಿಸಿಕೊಳ್ಳಿ.

ಶುಕ್ರವಾರ ಬೆಳಗ್ಗೆ ಅಗರೋಸ್ ಪ್ಲೇಟ್, ಮಧ್ಯಾಹ್ನ ಕೋಶ. ಶನಿವಾರ, ಭಾನುವಾರ ಲ್ಯಾಬಿಗೆ ಬೀಗ. ಉಂಡೆಗೆ ಬೇಕಾದ 72 ಗಂಟೆ ತಾನಾಗಿಯೇ ಸಿಗುತ್ತದೆ. ಸೋಮವಾರ ಮಧ್ಯಾಹ್ನ ಮೊದಲ ಫೋಟೋ. ಒಡೆದ, ಎರಡಾದ ಉಂಡೆಗಳ ವೆಲ್‌ಗಳನ್ನು ಔಷಧ ಹಾಕುವ ಮುಂಚೆಯೇ ಲೆಕ್ಕದಿಂದ ಹೊಡೆದುಹಾಕಿ, ಫಲಿತಾಂಶ ನೋಡಿದ ಮೇಲೆ ಅಲ್ಲ. ಆಮೇಲೆ ಡಾಕ್ಸೊರುಬಿಸಿನ್, 0.01ರಿಂದ 10 ಮೈಕ್ರೋಮೋಲಾರ್‌ವರೆಗೆ ಮೆಟ್ಟಿಲಾಗಿ. ಡಿಎಂಎಸ್‌ಒದಲ್ಲಿ ಕರಗಿಸಿದ್ದರೆ ಅದು 0.1 ಶೇಕಡ ದಾಟದಿರಲಿ, ಬರೀ ಡಿಎಂಎಸ್‌ಒ ಹಾಕಿದ ವೆಲ್‌ಗಳೂ ಇರಲಿ. ಬುಧವಾರ ಫೋಟೋ, ಅದೇ ಅಳತೆಯ ಔಷಧವಿರುವ ಹೊಸ ಮೀಡಿಯಾದಿಂದ ಅರ್ಧ ಬದಲಾವಣೆ. ಶುಕ್ರವಾರ ಕೊನೆಯ ಫೋಟೋ, ಕೆಲವು ಉಂಡೆ ಫ್ಲೋಗೆ, ಉಳಿದವು ಆಸಿಡ್ ಫಾಸ್ಫಟೇಸ್‌ಗೆ. ಪ್ಯಾಸೇಜ್ ಸಂಖ್ಯೆ, ಸೀರಮ್ ಬ್ಯಾಚ್, ಕರೆಂಟ್ ಹೋದ ಹೊತ್ತು, ಎಲ್ಲವನ್ನೂ ಅವತ್ತೇ ಪುಸ್ತಕದಲ್ಲಿ ಬರೆಯಿರಿ.

ರೀಡರ್ ಓದಿದ ಅಂಕಿಗಳನ್ನು ನೋಡುತ್ತ ಕೂರಬೇಡಿ. ಅದೇ ಶುಕ್ರವಾರಕ್ಕೆ ಇನ್ನೊಂದು ಅಗರೋಸ್ ಪ್ಲೇಟ್ ಸಿದ್ಧವಿರಲಿ, ಎರಡನೇ ಸುತ್ತಿನ ಕೋಶಗಳನ್ನು ಅದಕ್ಕೆ ಹಾಕಿಯೇ ಮನೆಗೆ ಹೋಗಿ.